ಮಗುವಿನ ಅಂಜಿಕೆ ಮತ್ತು ಅಂತರ್ಜಾಲ

ಮನೆಯ ಕದಕ್ಕೆ ಅಗುಳಿ ಹಾಕಿ ನಿಶ್ಚಿಂತರಾಗುವ ತಂದೆತಾಯಿಗಳು, ಮಗುವಿನ ಕೈಯಲ್ಲಿರುವ ಮೊಬೈಲೂ ಒಂದು ಕದವೆಂಬುದನ್ನು ಮರೆಯುತ್ತಾರೆ. ಆಟದ ಗೆಳೆಯನಂತೆ ಬಂದ ಅಪರಿಚಿತನು ಮೊದಲು ಹೊಗಳುತ್ತಾನೆ, ಬಳಿಕ ಚಿತ್ರ ಬೇಡುತ್ತಾನೆ, ಕೊನೆಗೆ ‘ಮನೆಯಲ್ಲಿ ಹೇಳಿಬಿಡುತ್ತೇನೆ’ ಎಂದು ಬೆದರಿಸುತ್ತಾನೆ. ಹೆತ್ತವರ ಭಯವೇ ಅವನ ಆಯುಧ! ಲೈಂಗಿಕ ಉದ್ದೇಶದಿಂದ ಮಕ್ಕಳನ್ನು ಅಂತರ್ಜಾಲದಲ್ಲಿ ಹೀಗೆ ಸೆಳೆಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರ ತಿದ್ದುಪಡಿಯಲ್ಲಿ ಸೇರಿದ 67ಬಿ ಕಲಮಿನಡಿ ಅಪರಾಧ. ಆದರೆ ಮಗು ಬಾಯಿಬಿಟ್ಟರಲ್ಲವೇ ಕಾಯ್ದೆಯ ಮಾತು? ಹೇಳಿಕೊಂಡದ್ದಕ್ಕೆ ಏಟು ತಿಂದ ಮಗು ಮುಂದಿನ ಸಲ ಹೇಳದು. ಮೊದಲು ದಯೆ, ಬುದ್ಧಿಮಾತಿಗೆ ನಾಳೆಯೂ ಉಂಟು. ಬಂದ ಸಂದೇಶಗಳನ್ನು ಅಳಿಸಬಾರದು, ಅವೇ ಸಾಕ್ಷ್ಯ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡುವಾಗ ಮಗುವನ್ನು ಪಕ್ಕದಲ್ಲಿಯೇ ಕೂರಿಸಿಕೊಳ್ಳಬೇಕು.