ತೋಟಕ್ಕೆ ಸುಣ್ಣ, ಹಸುವಿಗೇನು?

ಅಡಿಕೆಯಾಗಲಿ ಕಾಫಿಯಾಗಲಿ ಬಣ್ಣಗೆಟ್ಟರೆ ನಾವು ಮಣ್ಣು ಪರೀಕ್ಷೆ ಮಾಡಿಸುತ್ತೇವೆ. ಹುಳಿ ಮಣ್ಣಿಗೆ ಸುಣ್ಣ ಹಾಕುತ್ತೇವೆ. ಆ ತೋಟಕ್ಕೆ ಗೊಬ್ಬರ ಕೊಡುವ ಹಸು ಗೋಡೆ ನೆಕ್ಕಿದರೆ, ಮಣ್ಣು ತಿಂದರೆ, ಹರಕು ಬಟ್ಟೆ ಅಗಿದರೆ ಮಾತ್ರ ‘ಅದರ ಚಾಳಿ’ ಎಂದು ಸುಮ್ಮನಾಗುತ್ತೇವೆ. ಇದು ಚಾಳಿಯಲ್ಲ. ಜಂತುಹುಳುವಿನ ಬಾಧೆ ಇಲ್ಲವಾದರೆ, ರಂಜಕ, ಉಪ್ಪು ಮುಂತಾದವುಗಳ ಕೊರತೆಯೇ ಇದಕ್ಕೆ ಸಾಮಾನ್ಯ ಕಾರಣ.

‘ಹಿಂದೆ ಇದನ್ನೆಲ್ಲ ಯಾರು ಕೊಡುತ್ತಿದ್ದರು?’ ಎಂದು ಹಿರಿಯರು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಎನ್. ಬೇಗೂರಿನ ಸುತ್ತಿನ ನಾಟಿ ದನಗಳು ಆಗ ಕಾಡಂಚಿನಲ್ಲಿ ಬಗೆಬಗೆಯ ಹುಲ್ಲು ಸೊಪ್ಪು ಮೇಯುತ್ತಿದ್ದವು. ಕೊಡುತ್ತಿದ್ದ ಹಾಲೂ ಅಲ್ಪ. ಇಂದು ಆ ಕಾಡು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ, ದನ ಬಿಡುವಂತಿಲ್ಲ. ಕಟ್ಟಿ ಸಾಕುವ ಮಿಶ್ರತಳಿ ಹಸು ದಿನಕ್ಕೆ 10 ಲೀಟರ್ ಕರೆದರೆ, ಹಾಲಿನಲ್ಲೇ ಸುಮಾರು 12 ಗ್ರಾಂ ಸುಣ್ಣದಂಶ, 9 ಗ್ರಾಂ ರಂಜಕ ಹೊರಹೋಗುತ್ತದೆ. ಬರೀ ಭತ್ತದ ಹುಲ್ಲಿನಿಂದ ಅದು ತುಂಬದು. ರಾಗಿ ಹುಲ್ಲಿನಲ್ಲಿ ಸುಣ್ಣದಂಶ ಉಂಟು, ರಂಜಕ ಸಾಲದು. ಬೂಸದಲ್ಲಿ ರಂಜಕ ಉಂಟು, ಸುಣ್ಣದಂಶ ಸಾಲದು. ಸಾಲದ್ದನ್ನು ಹಸು ತನ್ನ ಮೂಳೆಯಿಂದಲೇ ತೆಗೆದು ಕೊಡುತ್ತದೆ. ಕೊರತೆ ಬೆಳೆದಂತೆ ಬೆದೆ ತಪ್ಪುತ್ತದೆ, ಗಬ್ಬ ನಿಲ್ಲುವುದಿಲ್ಲ. ಒಂದು ಬೆದೆ ತಪ್ಪಿತೆಂದರೆ 21 ದಿನಗಳ ಮೇವು ದಂಡ.

ರೇಸಿನ ಕುದುರೆಗೆ ಖನಿಜಗಳನ್ನು ಅಳೆದು ಕೊಡುತ್ತಾರೆ. ಮನೆಯ ಖರ್ಚು ತೂಗಿಸುವ ಹಸುವಿಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ದುಬಾರಿ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಒಂದು ಕಿಲೋ ತಂದರೆ 20 ದಿನಕ್ಕೆ ಬರುತ್ತದೆ. ಉಪ್ಪೊಂದೇ ಇದಕ್ಕೆ ಬದಲಿಯಲ್ಲ. ಅದರಲ್ಲಿ ಸುಣ್ಣದಂಶವೂ ಇಲ್ಲ, ರಂಜಕವೂ ಇಲ್ಲ.

ಎಚ್ಚರಿಕೆಯೂ ಬೇಕು. ತೋಟಕ್ಕೆ ತಂದ ರಾಕ್ ಫಾಸ್ಫೇಟನ್ನು ದನಕ್ಕೆ ತಿನ್ನಿಸಲೇಬಾರದು. ಅದರಲ್ಲಿನ ಫ್ಲೋರಿನ್ ಹಲ್ಲು, ಮೂಳೆಗಳನ್ನು ಕೆಡಿಸುತ್ತದೆ. ದನದ ಮಿಶ್ರಣವನ್ನು ಕುರಿಗಳಿಗೆ ಹಾಕಬೇಡಿ. ಹಸುವಿಗೆ ಹಿತವಾದ ತಾಮ್ರದ ಪ್ರಮಾಣ ಕುರಿಗೆ ವಿಷವಾದೀತು. ತುಂಬು ಗಬ್ಬದ ಹಸುವಿಗೆ ಎಷ್ಟು ಕೊಡಬೇಕೆಂಬುದನ್ನು ಪಶುವೈದ್ಯರಿಂದಲೇ ತಿಳಿಯುವುದು ಲೇಸು. ಕೊಳ್ಳುವಾಗ ಚೀಲದ ಮೇಲೆ ಐ.ಎಸ್. 1664 ಎಂಬ ಗುರುತನ್ನು ನೋಡಿ ಕೊಳ್ಳಿರಿ.

ನಮ್ಮ ಸಹಕಾರ ಸಂಘಗಳ ಮಳಿಗೆಗಳಲ್ಲಿ ಸುಣ್ಣದ ಚೀಲದ ಪಕ್ಕದಲ್ಲೇ ಖನಿಜ ಮಿಶ್ರಣದ ಕಿಲೋ ಪೊಟ್ಟಣವೂ ಇರಬೇಕು. ಒಂದೇ ಹಸು ಕಟ್ಟಿದ ಸದಸ್ಯನಿಗೂ ಅದು ಎಟುಕಬೇಕು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಸದಸ್ಯ ಬಾಂಧವರು ಇದನ್ನು ಕೇಳಿಯೇ ಪಡೆಯಬೇಕೆಂಬುದು ನಮ್ಮ ಆಗ್ರಹ.