ಅಡ್ಜಸ್ಟ್ ಮಾಡಿಸುವುದು ಮಧ್ಯಸ್ಥಿಕೆಯಲ್ಲ

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎನ್ನುವ ಗಾದೆ ಐಟಿ ಕಚೇರಿಗೂ ಚೆನ್ನಾಗಿ ಒಪ್ಪುತ್ತದೆ. ಇಬ್ಬರು ಸೀನಿಯರ್‌ಗಳು ಮಾತು ಬಿಟ್ಟರೆ ಬಡವಾಗುವುದು ಅವರ ಕೈಕೆಳಗಿನ ಹುಡುಗ ಹುಡುಗಿಯರು. ಒಬ್ಬರು ಹೇಳಿದ್ದನ್ನು ಮಾಡಿದರೆ ಇನ್ನೊಬ್ಬರಿಗೆ ಸಿಟ್ಟು.

ಇಂಥ ಹೊತ್ತಿನಲ್ಲಿ ನಾವು ಕನ್ನಡಿಗರು, ಪುಣೆಯಲ್ಲಿರಲಿ ಹೈದರಾಬಾದಿನಲ್ಲಿರಲಿ, ಹೇಳುವ ಮಾತು ಒಂದೇ: "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ." ಬಸ್ಸಿನ ಸೀಟಿಗೆ ಅಷ್ಟು ಸಾಕು. ಕಚೇರಿಯ ಜಗಳಕ್ಕೆ ಸಾಲದು. ಅಲ್ಲಿ ಅಡ್ಜಸ್ಟ್ ಮಾಡಿಕೊಂಡವರು ಜಗಳ ಬಿಟ್ಟಿರುವುದಿಲ್ಲ, ಮುಂದಕ್ಕೆ ಹಾಕಿರುತ್ತಾರೆ.

ಇಲ್ಲಿ ಪುಣೆಯಲ್ಲಿ, ನಮ್ಮ ಪ್ರಾಜೆಕ್ಟಿನಲ್ಲೇ ಹೀಗಾಯಿತು. ಡೆಲಿವರಿ ನೋಡುವವರು "ಶುಕ್ರವಾರ ರಿಲೀಸ್ ಆಗಲೇಬೇಕು" ಎಂದರು. ಟೆಸ್ಟಿಂಗ್ ನೋಡುವ ಮೇಡಂ "ಇನ್ನೂ ಎರಡು ವಾರ ಬೇಕು" ಎಂದರು. ಇಬ್ಬರೂ ನನಗಿಂತ ಹಿರಿಯರು. ತಂಡದ ಹುಡುಗಿಯೊಬ್ಬಳು ಬೇರೆ ಪ್ರಾಜೆಕ್ಟಿಗೆ ಹಾಕಿ ಎಂದು ಕೇಳಿದ ಮೇಲೆ ನಾನು ನಡುವೆ ಬರಲೇಬೇಕಾಯಿತು.

ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಕಂಡೆ. "ನಿಮ್ಮ ಮಾತು ನಡೆಯದಿದ್ದರೆ ನಿಮಗೆ ಏನು ತೊಂದರೆ?" ಎಂದಷ್ಟೇ ಕೇಳಿದೆ. ಅವರು ಗ್ರಾಹಕರಿಗೆ ಕೊಟ್ಟ ದಿನಾಂಕ ಆಗಲೇ ಎರಡು ಸಲ ತಪ್ಪಿತ್ತು. ಇವರು ಹಿಂದಿನ ರಿಲೀಸ್ ಕೆಟ್ಟಾಗ ರಾತ್ರಿಯಿಡೀ ಒಬ್ಬರೇ ಫೋನಿಗೆ ಉತ್ತರ ಕೊಟ್ಟಿದ್ದರು.

ಆಡಳಿತಶಾಸ್ತ್ರದ ಚಿಂತಕಿ ಮೇರಿ ಪಾರ್ಕರ್ ಫಾಲೆಟ್ 1925ರಲ್ಲಿ ಒಂದು ಉದಾಹರಣೆ ಕೊಟ್ಟಿದ್ದರು. ಗ್ರಂಥಾಲಯದಲ್ಲಿ ಒಬ್ಬರಿಗೆ ಕಿಟಕಿ ತೆರೆಯಬೇಕು, ಆಕೆಗೆ ಮುಚ್ಚಬೇಕು. ಕೊನೆಗೆ ಪಕ್ಕದ ಕೋಣೆಯ ಕಿಟಕಿ ತೆರೆದರು. ಒಬ್ಬರಿಗೆ ಬೇಕಿದ್ದುದು ಗಾಳಿ. ಆಕೆಗೆ ಬೇಡವಾಗಿದ್ದುದು ಮೈಮೇಲೆ ನೇರವಾಗಿ ಬೀಸುವ ಚಳಿಗಾಳಿ. ಅರ್ಧ ಕಿಟಕಿ ತೆರೆದಿದ್ದರೆ ಇಬ್ಬರಿಗೂ ಸಮಾಧಾನವಿರುತ್ತಿರಲಿಲ್ಲ.

ನಾವೂ ಪಕ್ಕದ ಕಿಟಕಿ ಹುಡುಕಿದೆವು. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಎರಡೇ ನಿಯಮ ಹೇಳಿದೆ: ನಡುವೆ ಬಾಯಿ ಹಾಕುವಂತಿಲ್ಲ, ಹಳೆಯ ಲೆಕ್ಕ ತೆಗೆಯುವಂತಿಲ್ಲ. ದನಿ ಏರಿದಾಗ "ಸರ್, ಮೇಡಂ ಮುಗಿಸಲಿ, ಆಮೇಲೆ ನೀವು" ಎಂದೆ. ಹಿರಿಯರಿಗೆ ಹೀಗೆ ಹೇಳುವುದು ನಮಗೆ ಕಷ್ಟ. ಆದರೆ ಗಟ್ಟಿತನ ಬೇಕಿರುವುದು ಇಲ್ಲೇ. ತೀರ್ಪು ಹೇಳುವುದು ನಮ್ಮ ಕೆಲಸವಲ್ಲ, ಮಾತು ದಾರಿ ತಪ್ಪದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಶುಕ್ರವಾರ ಗ್ರಾಹಕರ ಒಂದೇ ಶಾಖೆಗೆ ರಿಲೀಸ್, ಉಳಿದವಕ್ಕೆ ಎರಡು ವಾರದ ನಂತರ ಎಂದಾಯಿತು. ಕೆಟ್ಟರೆ ಹಳೆಯ ವರ್ಷನ್‌ಗೆ ಮರಳಿಸುವವರು ಯಾರು, ರಾತ್ರಿ ಫೋನ್ ಎತ್ತುವವರು ಯಾರು ಎಂಬುದನ್ನು ಅಲ್ಲೇ ಬರೆದು ಇಬ್ಬರಿಗೂ ಮೇಲ್ ಮಾಡಿದೆ. ಬಾಯಿಮಾತಿನ ರಾಜಿ ಸೋಮವಾರದವರೆಗೂ ಬಾಳುವುದಿಲ್ಲ.

ಒಂದು ಎಚ್ಚರಿಕೆ. ಇದೆಲ್ಲ ಕೆಲಸದ ಬಗೆಗಿನ ಭಿನ್ನಾಭಿಪ್ರಾಯಕ್ಕೆ ಮಾತ್ರ. ಬೆದರಿಕೆ, ಅವಮಾನ ಇದ್ದರೆ ಎಚ್‌ಆರ್‌ಗೆ ಹೋಗಬೇಕು. ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಂತೆ ರಚಿಸಿರುವ ಆಂತರಿಕ ಸಮಿತಿ ಇರುತ್ತದೆ. ಅಲ್ಲಿ ನಾವು ನಡುವೆ ಕೂತು ರಾಜಿ ಮಾಡಿಸಲು ಹೋಗಬಾರದು.

ಇಬ್ಬರೂ ಈಗ ಗೆಳೆಯರೇನೂ ಆಗಿಲ್ಲ. ಆಗಬೇಕಾಗಿಯೂ ಇಲ್ಲ. ಬೇರೆ ಪ್ರಾಜೆಕ್ಟ್ ಕೇಳಿದ್ದ ಹುಡುಗಿ ನಮ್ಮಲ್ಲೇ ಉಳಿದಿದ್ದಾಳೆ. ಕೂಸು ಬಡವಾಗಲಿಲ್ಲ, ಅಷ್ಟು ಸಾಕು.