ಕಡಲಾಚೆಯ ಮತ

ನಮ್ಮ ದೇಶದಲ್ಲಿ ಚುನಾವಣೆಗಳನ್ನು ನಡೆಸುವವರು ಯಾರು ಎಂದು ಕೇಳಿದರೆ, ಚುನಾವಣಾ ಆಯೋಗವೆಂಬ ಉತ್ತರ ಬರುವುದು ಸಹಜ. ಆದರೆ ಮತದಾನದ ಹಿಂದಿನ ದಿನ ತಾಲ್ಲೂಕು ಕೇಂದ್ರದ ಮಸ್ಟರಿಂಗ್ ಮೈದಾನಕ್ಕೆ ಹೋಗಿ ನೋಡಿದವರಿಗೆ ಬೇರೆಯೇ ಉತ್ತರ ದೊರೆಯುತ್ತದೆ. ಹೆಗಲಲ್ಲಿ ಬಟ್ಟೆಯ ಚೀಲ, ಕೈಯಲ್ಲಿ ಮತಯಂತ್ರದ ಪೆಟ್ಟಿಗೆ ಹಿಡಿದುಕೊಂಡು, ಬಿಸಿಲಿನಲ್ಲಿ ತಮ್ಮ ಬಸ್ಸನ್ನು ಹುಡುಕುತ್ತ ಅಲೆಯುತ್ತಿರುವವರಲ್ಲಿ ಬಹುಮಂದಿ ಶಾಲಾ ಶಿಕ್ಷಕರು. ಮತದಾರರ ಪಟ್ಟಿಯಲ್ಲಿ ಹೆಸರಿಗೆ ಗೀಟು ಹಾಕುವವರು ಅವರು. ಬೆರಳಿಗೆ ಶಾಯಿ ಹಚ್ಚುವವರು ಅವರು. ಸಂಜೆ ಲೆಕ್ಕ ಸರಿಹೊಂದದೆ ಅನ್ನನೀರು ಮರೆತು ಕುಳಿತುಕೊಳ್ಳುವವರೂ ಅವರೇ. ಮತಪೆಟ್ಟಿಗೆಯ ಕಾಲದಲ್ಲಿಯೂ, ಅನಂತರ ಯಂತ್ರದ ಕಾಲದಲ್ಲಿಯೂ ನಾನು ಈ ಕೆಲಸವನ್ನು ಅನೇಕ ಸಲ ಮಾಡಿದ್ದೇನೆ. ಹೀಗೆ ಪರವೂರಿನ ಮತಗಟ್ಟೆಯಲ್ಲಿ ದಿನವೆಲ್ಲ ದುಡಿಯುವ ಶಿಕ್ಷಕನು ತನ್ನ ಮತವನ್ನು ಕಳೆದುಕೊಳ್ಳುವುದಿಲ್ಲ. ಅವನಿಗೆ ಅಂಚೆ ಮತಪತ್ರ ಉಂಟು. ತನ್ನ ಕ್ಷೇತ್ರದೊಳಗೇ ಇದ್ದರೆ, ಕರ್ತವ್ಯದ ಪ್ರಮಾಣಪತ್ರ ತೋರಿಸಿ ತಾನಿರುವ ಮತಗಟ್ಟೆಯಲ್ಲಿಯೇ ಮತ ಹಾಕುವ ಅನುಕೂಲವೂ ಉಂಟು. ಊರು ಬಿಟ್ಟು ಹೋದವನ ಕೈಗೆ ಮತಪತ್ರವನ್ನು ತಲುಪಿಸುವ ವಿದ್ಯೆ ನಮ್ಮ ಸರಕಾರಕ್ಕೆ ಹೊಸದೇನೂ ಅಲ್ಲ.

ಅಷ್ಟೇ ಅಲ್ಲ, ಮತದಾರನನ್ನು ಹುಡುಕಿಕೊಂಡು ಹೋಗುವುದರಲ್ಲಿ ನಮ್ಮ ದೇಶಕ್ಕೆ ಒಂದು ಹೆಮ್ಮೆಯೇ ಇದೆ. ಗುಜರಾತಿನ ಗೀರ್ ಅರಣ್ಯದ ಬಾನೇಜಿನಲ್ಲಿ ಒಬ್ಬನೇ ಒಬ್ಬ ಮತದಾರನಿಗಾಗಿ ಮತಗಟ್ಟೆ ತೆರೆಯುತ್ತ ಬಂದದ್ದು ಸರ್ವವಿದಿತ. 2024ರ ಲೋಕಸಭಾ ಚುನಾವಣೆಯಲ್ಲಿ 85 ವರ್ಷ ದಾಟಿದವರು ಬಯಸಿದರೆ ಅವರ ಮನೆಯ ಜಗಲಿಗೇ ಅಧಿಕಾರಿಗಳು ಹೋಗಿ ಮತ ಪಡೆದರು. ಇಷ್ಟು ಶ್ರಮವಹಿಸುವ ವ್ಯವಸ್ಥೆಯು ಒಂದು ಬಗೆಯ ಮತದಾರನ ವಿಷಯದಲ್ಲಿ ಮಾತ್ರ ಕೈಕಟ್ಟಿ ಕುಳಿತಿದೆ. ಅವನು ಹೊಟ್ಟೆಪಾಡಿಗಾಗಿ ಕಡಲು ದಾಟಿದ ಭಾರತೀಯ.

ನನ್ನ ಮಗಳು ಹದಿನಾರು ವರ್ಷಗಳಿಂದ ಒಮಾನಿನ ರಾಜಧಾನಿ ಮಸ್ಕತ್ತಿನ ಭಾರತೀಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಾಳೆ. ಹೊರದೇಶದಲ್ಲಿ ಸಂಪಾದಿಸುವವರೆಂದರೆ ನಮ್ಮ ಜನರ ಕಣ್ಣಿಗೆ ಚಿನ್ನ, ಸುಗಂಧ, ಎತ್ತರದ ಕಟ್ಟಡಗಳು ಕಾಣುತ್ತವೆ. ಅಲ್ಲಿ ಮೂರು ತಿಂಗಳು ಇದ್ದು ಬಂದ ನನಗೆ ಕಂಡದ್ದು ಎರಡು ಕೋಣೆಯ ಒಂದು ಬಾಡಿಗೆ ಮನೆ; ಅದರೊಳಗೆ ನಮ್ಮೂರಿನಂಥದೇ ಒಂದು ಸಂಸಾರ. ಅವಳು ನಸುಕಿನ ನಾಲ್ಕೂವರೆಗೆ ಏಳುತ್ತಾಳೆ. ಆಗ ನಮ್ಮಲ್ಲಿ ಆರು ಗಂಟೆ. ಮಕ್ಕಳ ಬುತ್ತಿ, ಗಂಡನ ಬುತ್ತಿ, ತನ್ನ ಬುತ್ತಿ ಮೂರನ್ನೂ ಕಟ್ಟಿ, ಆರಕ್ಕೆಲ್ಲ ಶಾಲೆಯ ಬಸ್ಸಿಗಾಗಿ ರಸ್ತೆಯ ಬದಿಯಲ್ಲಿ ನಿಂತಿರುತ್ತಾಳೆ. ಮಧ್ಯಾಹ್ನ ಮರಳುವಾಗ ಬಿಸಿಲು ಬೆಂಕಿಯಂತಿರುತ್ತದೆ. ಸಂಜೆ ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟನ್ನು ಊಟದ ಮೇಜಿನ ಒಂದು ತುದಿಗೆ ಇಟ್ಟು, ಇನ್ನೊಂದು ತುದಿಯಲ್ಲಿ ಮಗನಿಗೂ ಮಗಳಿಗೂ ಕನ್ನಡದ ಕಾಗುಣಿತ ಬರೆಸಿದವಳು ಅವಳು. ಅಕ್ಷರ ತಪ್ಪಿದರೆ ಹತ್ತು ಸಲ ಬರೆಯಬೇಕೆಂಬ ನಿಯಮವನ್ನು ನನ್ನಿಂದ ಕಲಿತಳೋ ಏನೋ, ತಿಳಿಯದು. ಶುಕ್ರವಾರ ಮತ್ತು ಶನಿವಾರ ಅಲ್ಲಿ ವಾರದ ರಜೆ. ಶುಕ್ರವಾರದ ಮಧ್ಯಾಹ್ನ ಕುಚ್ಚಲಕ್ಕಿಯ ಗಂಜಿ, ಉಪ್ಪಿನಕಾಯಿ, ಅನಂತರ ಊರಿಗೆ ದೂರವಾಣಿ.

ಆ ದೂರವಾಣಿಯ ಮಾತುಕತೆಯನ್ನು ಗಮನಿಸಿದರೆ ಈ ಜನ ಎಲ್ಲಿ ಬದುಕುತ್ತಿದ್ದಾರೆಂಬ ಪ್ರಶ್ನೆಯೇ ಏಳುತ್ತದೆ. ಅಜ್ಜಿಯ ಮೊಣಕಾಲ ನೋವಿನಿಂದ ಆರಂಭವಾಗುವ ವಿಚಾರಣೆಯು ಹಂಚಿನ ಮಾಡಿನ ಸೋರಿಕೆಗೆ ಬಂದು, ಸರಕಾರಿ ಆಸ್ಪತ್ರೆಗೆ ವೈದ್ಯರು ಬಂದರೇ ಎಂಬಲ್ಲಿಗೆ ತಿರುಗುತ್ತದೆ. “ಅಪ್ಪಯ್ಯ, ಹೊಳೆಯ ಕಾಲುಸಂಕದ ಕೆಲಸ ಶುರುವಾಯಿತೇ? ಮಳೆ ಹಿಡಿದ ಮೇಲೆ ಶಾಲೆಯ ಮಕ್ಕಳು ದಾಟುವುದು ಹೇಗೆ?” ಎಂದು ಅವಳು ಕೇಳದ ಜೂನ್ ತಿಂಗಳಿಲ್ಲ. ಕರಾವಳಿಯವರಿಗೆ ಕಾಲುಸಂಕವೆಂದರೆ ಏನೆಂದು ಹೇಳಬೇಕಾಗಿಲ್ಲ. ಇತರರಿಗೆ, ತೋಡಿನ ಮೇಲೆ ಅಡಿಕೆಯ ದಬ್ಬೆಯನ್ನೋ ಮರದ ದಿಮ್ಮಿಯನ್ನೋ ಹಾಸಿದ ದಾರಿಯೆಂದರೆ ಸಾಕು. ಬಾಲ್ಯದಲ್ಲಿ ಅದೇ ಸಂಕವನ್ನು ದಾಟಿ ಶಾಲೆಗೆ ಹೋದವಳು ಅವಳು. ಆ ಸಂಕದ ಜಾಗದಲ್ಲಿ ಸೇತುವೆ ಬೇಕೆಂದು ಹೇಳಬಲ್ಲ ಶಾಸಕನನ್ನು ಆರಿಸುವ ದಿನ ಮಾತ್ರ ಅವಳು ಲೆಕ್ಕಕ್ಕಿಲ್ಲ.

ಕಾಯಿದೆ ಅವಳನ್ನು ಪೂರ್ಣವಾಗಿ ಮರೆತಿದೆಯೆಂದರೆ ಅನ್ಯಾಯವಾದೀತು. ಹಿಂದೆ ಹೀಗೆ ಹೊರದೇಶದಲ್ಲಿ ನೆಲಸಿದವನು ಸ್ವಕ್ಷೇತ್ರದ ‘ಸಾಮಾನ್ಯ ನಿವಾಸಿ’ ಅಲ್ಲವೆಂಬ ಕಾರಣಕ್ಕೆ ಪಟ್ಟಿಯಿಂದಲೇ ಹೊರಗುಳಿಯುತ್ತಿದ್ದನು. 2010ರಲ್ಲಿ ಸಂಸತ್ತು ಪ್ರಜಾಪ್ರಾತಿನಿಧ್ಯ ಕಾಯಿದೆಗೆ ತಿದ್ದುಪಡಿ ತಂದಿತು. 2011ರ ಫೆಬ್ರುವರಿಯಿಂದ ಅದು ಜಾರಿಗೆ ಬಂದಿತು. ಉದ್ಯೋಗಕ್ಕಾಗಿಯೋ ವ್ಯಾಸಂಗಕ್ಕಾಗಿಯೋ ಹೊರಗಿದ್ದು, ಬೇರೆ ದೇಶದ ಪೌರತ್ವ ಪಡೆಯದ ಭಾರತೀಯನು 6ಎ ನಮೂನೆಯಲ್ಲಿ ಅರ್ಜಿ ಸಲ್ಲಿಸಿ, ತನ್ನ ಪಾಸ್‌ಪೋರ್ಟಿನಲ್ಲಿರುವ ಊರಿನ ಪಟ್ಟಿಯಲ್ಲಿ ಸೇರಬಹುದು. ಆದರೆ ಮತದಾನದ ದಿನ ಅವನು ಸ್ವತಃ ಆ ಊರಿನ ಮತಗಟ್ಟೆಗೆ ಬಂದು, ಮೂಲ ಪಾಸ್‌ಪೋರ್ಟನ್ನು ತೋರಿಸಿ ಮತ ಹಾಕಬೇಕು. ಬಾಗಿಲು ತೆರೆದಿದೆ, ಮೆಟ್ಟಿಲು ಮಾತ್ರ ಇಲ್ಲ.

ಫಲಿತಾಂಶವನ್ನು ಅಂಕಿಗಳೇ ಹೇಳುತ್ತವೆ. ಹೊರದೇಶಗಳಲ್ಲಿರುವ ಭಾರತೀಯ ಪೌರರ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ. 2024ರ ಲೋಕಸಭಾ ಚುನಾವಣೆಯಲ್ಲಿ ಅವರ ಪೈಕಿ ಪಟ್ಟಿಯಲ್ಲಿದ್ದವರು ಸುಮಾರು 1.19 ಲಕ್ಷ. ಮತ ಹಾಕಿದವರು 2,958. ಇವರಲ್ಲಿ 2,670 ಮಂದಿ ಕೇರಳದವರು. ಕೇರಳದ ಪ್ರವಾಸಿ ಸಂಘಟನೆಗಳು ಮತದಾರರಿಗಾಗಿ ವಿಮಾನಯಾನದ ಏರ್ಪಾಡನ್ನೇ ಮಾಡಿದ್ದುಂಟು. ಆ ಉತ್ಸಾಹವನ್ನು ನಾನು ಮೆಚ್ಚುತ್ತೇನೆ. ಆದರೂ ಮತ ಹಾಕುವುದು ಇಷ್ಟು ದುಬಾರಿಯಾದಾಗ ದುಡ್ಡಿದ್ದವನು ಬರುತ್ತಾನೆ, ಇಲ್ಲವೇ ಇನ್ನೊಬ್ಬರ ನೆರವು ಪಡೆದವನು ಬರುತ್ತಾನೆ. ಎರಡೂ ಒಳ್ಳೆಯ ಲಕ್ಷಣವಲ್ಲ.

ನಮ್ಮ ಉಡುಪಿ–ಚಿಕ್ಕಮಗಳೂರು ಕ್ಷೇತ್ರದಲ್ಲಿ ಆ ವರ್ಷ ಮತದಾನ ನಡೆದದ್ದು ಏಪ್ರಿಲ್ 26ರಂದು. ದೈವಯೋಗದಿಂದ ಅದು ಶುಕ್ರವಾರ, ಮಸ್ಕತ್ತಿನಲ್ಲಿ ರಜೆಯ ದಿನ. ಗುರುವಾರ ಪಾಠ ಮುಗಿಸಿ ವಿಮಾನವೇರಿ ಮಂಗಳೂರಿನಲ್ಲಿಳಿದು, ಶುಕ್ರವಾರ ಮತ ಹಾಕಿ, ಶನಿವಾರ ಹಿಂದಿರುಗಬಹುದೆಂದು ಕಾಗದದ ಮೇಲೆ ಲೆಕ್ಕ ಹಾಕಬಹುದು. ಮಗಳು ಹಾಕಿಯೂ ನೋಡಿದಳು. ಶಾಲೆಯ ಹೊಸ ವರ್ಷ ಏಪ್ರಿಲಿನಲ್ಲಿಯೇ ಆರಂಭ. ಮಕ್ಕಳ ಶುಲ್ಕ, ಪುಸ್ತಕ, ಸಮವಸ್ತ್ರಗಳ ಖರ್ಚೆಲ್ಲ ಒಟ್ಟಿಗೆ ಬಂದು ನಿಲ್ಲುವ ತಿಂಗಳು. ಹೋಗಿಬರುವ ಟಿಕೆಟ್ಟಿನ ಹಣ ಅಜ್ಜಿಯ ಚಿಕಿತ್ಸೆಗೆ ಸಾಗಿತು. ಇಂಥ ಆಯ್ಕೆಯಲ್ಲಿ ಯಾವ ಸಂಸಾರವಂತೆಯೂ ಬೇರೆ ತೀರ್ಮಾನ ಮಾಡಲಾರಳು, ಮಾಡಲೂಬಾರದು.

ಅದೇ ಮಸ್ಕತ್ತಿನಲ್ಲಿ ನಮ್ಮ ರಾಯಭಾರ ಕಚೇರಿಯ ಗುಮಾಸ್ತನಿಗೆ ಈ ಸಂಕಟವಿಲ್ಲ. ಭಾರತ ಸರಕಾರದ ನೌಕರನಾಗಿ ಹೊರದೇಶದಲ್ಲಿರುವವನು, ಸೈನಿಕನಂತೆ, ‘ಸೇವಾ ಮತದಾರ’. 2016ರ ನಿಯಮದ ಪ್ರಕಾರ ಅವನ ಮತಪತ್ರ ವಿದ್ಯುನ್ಮಾನ ಮಾರ್ಗದಿಂದ ಕ್ಷಣದಲ್ಲಿ ತಲುಪುತ್ತದೆ. ಅವನು ಅದನ್ನು ಮುದ್ರಿಸಿ, ಗುರುತು ಹಾಕಿ, ಲಕೋಟೆಯಲ್ಲಿ ಮುಚ್ಚಿ ಅಂಚೆಯಲ್ಲಿ ಕಳುಹಿಸುತ್ತಾನೆ. ಅವನಿಗೆ ದೊರೆತ ಅನುಕೂಲದ ಬಗೆಗೆ ನನಗೆ ಮತ್ಸರವಿಲ್ಲ. ಆದರೆ ಅವನ ಮಗುವಿಗೆ ಪಾಠ ಹೇಳುವ ಶಿಕ್ಷಕಿಯ ಮತಪತ್ರ ಅದೇ ಹಾದಿಯಲ್ಲಿ ಏಕೆ ಸಾಗಬಾರದು?

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಬಲವಾದದ್ದು ಒಂದು. ಇಲ್ಲಿಯ ತೆರಿಗೆ, ಬೆಲೆ, ಬರಗಾಲಗಳ ಬಿಸಿ ತಟ್ಟದವರು ಇಲ್ಲಿಯ ಸರಕಾರವನ್ನು ಏಕೆ ಆರಿಸಬೇಕೆಂಬುದು ಅದರ ತಿರುಳು. ದೂರದಿಂದ ಭಾಷಣ ಮಾಡುವವರನ್ನು ನಾನೂ ಕಂಡಿದ್ದೇನೆ, ಆ ಆಕ್ಷೇಪದ ಹಿಂದಿನ ಕೋಪ ನನಗೆ ಅರ್ಥವಾಗುತ್ತದೆ. ಆದರೆ ಅಮೆರಿಕಕ್ಕೋ ಕೆನಡಾಕ್ಕೋ ಹೋಗಿ ಅಲ್ಲಿಯ ಪೌರತ್ವ ಪಡೆದವನ ಮಾತು ಬೇರೆ. ನಮ್ಮಲ್ಲಿ ದ್ವಿಪೌರತ್ವ ಇಲ್ಲದಿರುವುದರಿಂದ ಅವನು ಇಲ್ಲಿ ಮತದಾರನೇ ಅಲ್ಲ, ಅಲ್ಲಿಯ ಮತ ಅವನಿಗುಂಟು. ಕೊಲ್ಲಿಯ ನಾಡುಗಳಲ್ಲಿ ದುಡಿಯುವ ಸಾಮಾನ್ಯನು ಮೂವತ್ತು ವರ್ಷ ಇದ್ದರೂ ಅಲ್ಲಿಯ ಪ್ರಜೆಯಾಗುವುದಿಲ್ಲ. ಕೆಲಸ ಮುಗಿದ ದಿನ ವೀಸಾ ಮುಗಿಯುತ್ತದೆ. ಅವನು ಮರಳಿ ಬರುವುದು ಇಲ್ಲಿಗೇ. ಭೂಮಂಡಲದಲ್ಲಿ ಅವನಿಗಿರುವುದು ಒಂದೇ ಮತ. ಅದನ್ನೂ ಹಾಕಲಾಗದಿದ್ದರೆ ಅವನು ಯಾವ ಸರಕಾರಕ್ಕೂ ಉತ್ತರ ಕೇಳದ ಮನುಷ್ಯನಾಗುತ್ತಾನೆ.

ಅರಸೊತ್ತಿಗೆಯ ದೇಶಗಳು ತಮ್ಮ ನೆಲದಲ್ಲಿ ಪರದೇಶದ ಮತದಾನಕ್ಕೆ ಎಡೆಗೊಡುವವೇ ಎಂದು ಕೆಲವರು ಸಂಶಯಪಡುತ್ತಾರೆ. ಫಿಲಿಪ್ಪೀನ್ಸ್ 2003ರಲ್ಲಿ ಇದಕ್ಕಾಗಿ ಕಾಯಿದೆ ಮಾಡಿ, 2004ರಲ್ಲಿ ಮೊದಲ ಬಾರಿಗೆ ಹೊರದೇಶದ ತನ್ನ ದುಡಿಮೆಗಾರರಿಂದ ಮತ ಪಡೆಯಿತು; ಕೊಲ್ಲಿಯ ಮನೆಗೆಲಸದವರೂ ದಾದಿಯರೂ ಅದರಲ್ಲಿ ಸೇರಿದ್ದರು. ಫ್ರಾನ್ಸ್ ಮತ್ತು ಇಟಲಿ ದೇಶಗಳು ಇನ್ನೂ ಮುಂದೆ ಹೋಗಿ ಹೊರಗಿರುವವರಿಗಾಗಿಯೇ ಸಂಸತ್ತಿನಲ್ಲಿ ಸ್ಥಾನಗಳನ್ನು ಮೀಸಲಿಟ್ಟಿವೆ. ನಮಗೆ ಅದು ಬೇಡ. ನನ್ನ ಮಗಳಿಗೆ ಬೇಕಾಗಿರುವುದು ಕೊಲ್ಲಿಯ ಪ್ರತಿನಿಧಿಯಲ್ಲ, ಕಾಲುಸಂಕದ ಪ್ರತಿನಿಧಿ.

ಉಪಾಯವೊಂದನ್ನು ನಮ್ಮ ಲೋಕಸಭೆಯೂ ಒಪ್ಪಿತ್ತು. ಹೊರದೇಶದ ಮತದಾರನು ಊರಿನಲ್ಲಿ ತನ್ನ ಪರವಾಗಿ ಒಬ್ಬನನ್ನು ನೇಮಿಸಬಹುದೆಂಬ ‘ಪ್ರಾಕ್ಸಿ’ ಮತದ ಮಸೂದೆಯನ್ನು ಅದು 2018ರ ಆಗಸ್ಟ್ 9ರಂದು ಅಂಗೀಕರಿಸಿತು. ರಾಜ್ಯಸಭೆ ಅದನ್ನು ಕೈಗೆತ್ತಿಕೊಳ್ಳುವ ಮೊದಲೇ, 2019ರಲ್ಲಿ ಲೋಕಸಭೆ ವಿಸರ್ಜನೆಯಾಗಿ ಮಸೂದೆ ಬಿದ್ದುಹೋಯಿತು. ಬಿದ್ದುಹೋದದ್ದೇ ಒಳ್ಳೆಯದಾಯಿತೆಂದು ನನ್ನ ಅಭಿಪ್ರಾಯ. ಇದು ಹಲವರಿಗೆ ವಿಚಿತ್ರವೆನಿಸಬಹುದು. ಆ ಮಸೂದೆ ಕಾಯಿದೆಯಾಗಿದ್ದರೆ ಮಗಳ ಮತ ನನ್ನ ಕೈಗೇ ಬರುತ್ತಿತ್ತು. ನನಗೆ ಅದು ಬೇಡವಾಗಿದ್ದುದೂ ಆ ಕಾರಣಕ್ಕಾಗಿಯೇ.

ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿದ್ದಾಗ ನಾನು ಪದೇ ಪದೇ ಮಾಡಬೇಕಾಗಿದ್ದ ಕೆಲಸವೊಂದಿತ್ತು. ಹೆಂಡತಿಯ ಹಿಂದೆಯೇ ರಟ್ಟಿನ ಮರೆಯೊಳಗೆ ಹೋಗಲೆಳಸುವ ಗಂಡನನ್ನು, ಸೊಸೆಗೆ ಗುರುತು ತೋರಿಸಿಕೊಡುವೆನೆನ್ನುವ ಮಾವನನ್ನು ತಡೆದು ನಿಲ್ಲಿಸುವುದು. “ಅವಳಿಗೆ ತಿಳಿಯುವುದಿಲ್ಲ, ಮಾಸ್ತರೇ” ಎನ್ನುತ್ತಿದ್ದರು. ಒಳಗೆ ಹೋದ ಆ ಹೆಣ್ಣುಮಕ್ಕಳು ಒಂದು ಗಳಿಗೆ ತಡೆದು, ತಮ್ಮಷ್ಟಕ್ಕೆ ಮತ ಹಾಕಿ, ಯಾರಿಗೂ ಏನೂ ಹೇಳದೆ ಹೊರಗೆ ಬರುತ್ತಿದ್ದರು. ಗುಪ್ತ ಮತದಾನವೆಂಬುದು ಪಕ್ಷಗಳಿಂದ ಮಾತ್ರವಲ್ಲ, ಮನೆಯವರಿಂದಲೂ ಮತದಾರನನ್ನು ಕಾಯುತ್ತದೆ. ಪ್ರಾಕ್ಸಿಯ ಪದ್ಧತಿ ಆ ಮರೆಯನ್ನು ಮನೆಯೊಳಗಡೆಯೇ ಕಿತ್ತುಹಾಕುತ್ತದೆ. ಇಂಥವರಿಗೆ ಹಾಕೆಂದು ಮಗಳು ತಂದೆಗೆ ಹೇಳಬೇಕು; ಹೇಳಿದರೂ ತಂದೆ ಹಾಗೆಯೇ ಹಾಕಿದನೆಂಬುದಕ್ಕೆ ಸಾಕ್ಷಿಯಿಲ್ಲ. ಮನೆಗಳಲ್ಲಿ ಇದರಿಂದ ಮುನಿಸು ಹುಟ್ಟದಿದ್ದರೆ, ಯಜಮಾನನ ಕೈಯಲ್ಲಿ ನಾಲ್ಕು ಮತಗಳು ಗಂಟಾಗುತ್ತವೆ. ನನ್ನ ಮಗಳು ಯಾರ ಪರವೆಂದು ನಾನು ಕೇಳಿಲ್ಲ, ಅವಳು ಹೇಳಿಲ್ಲ. ಶುಕ್ರವಾರದ ಮಾತುಕತೆ ಕೆಡದೆ ಉಳಿದಿರುವುದಕ್ಕೆ ಅದೂ ಒಂದು ಕಾರಣ.

ಆದುದರಿಂದ ಸೇವಾ ಮತದಾರರ ಅಂಚೆಯ ಹಾದಿಯೇ ಮೇಲು. ತೊಡಕುಗಳು ಅದರಲ್ಲಿಯೂ ಉಂಟು. ಎಣಿಕೆಯ ದಿನ ಬೆಳಿಗ್ಗೆ ಎಂಟರೊಳಗೆ ಲಕೋಟೆ ತಲುಪದಿದ್ದರೆ ಮತ ವ್ಯರ್ಥ. ಒಂದೇ ಕೊಠಡಿಯಲ್ಲಿ ಹತ್ತು ಮಂದಿ ಮಲಗುವ ಕೂಲಿಕಾರರ ಶಿಬಿರದಲ್ಲಿ ಮೇಸ್ತ್ರಿಯ ಕಣ್ಣೆದುರು ಗುರುತು ಹಾಕಿಸುವ ಭಯ ನಿಜವಾದದ್ದು. ಶಿಕ್ಷಕಿಗಿರುವ ಏಕಾಂತ ಅವರಿಗಿಲ್ಲ. ಅವರ ಪಾಲಿಗೆ ರಾಯಭಾರ ಕಚೇರಿಯಲ್ಲಿ, ರಜೆಯ ದಿನಗಳಲ್ಲಿ, ಒಂದು ಮೇಜನ್ನೂ ಒಂದು ಮರೆಯನ್ನೂ ಇಡಬೇಕಾದೀತು. ಸಿಬ್ಬಂದಿ ಸಾಲದೆಂದರೆ, ಆ ಊರುಗಳಲ್ಲಿ ಭಾರತೀಯ ಶಿಕ್ಷಕರಿಗೆ ಬರವಿಲ್ಲ. ಪಟ್ಟಿ ಓದಿ ಗೀಟು ಹಾಕುವ ಕೆಲಸ ಅವರಿಗೆ ಬಾರದೆ?

ಚುನಾವಣಾ ಆಯೋಗವು ವಿದ್ಯುನ್ಮಾನ ಅಂಚೆ ಮತಪತ್ರವನ್ನು ಹೊರದೇಶದ ಮತದಾರರಿಗೂ ವಿಸ್ತರಿಸಲು ತಾನು ಸಿದ್ಧವೆಂದು 2020ರ ನವೆಂಬರಿನಲ್ಲಿಯೇ ಕಾನೂನು ಸಚಿವಾಲಯಕ್ಕೆ ಬರೆಯಿತು. ಇದಕ್ಕೆ ಬೇಕಾದದ್ದು ನಿಯಮಗಳ ತಿದ್ದುಪಡಿ. 2024ರ ಚುನಾವಣೆ ಹಳೆಯ ನಿಯಮದಂತೆಯೇ ನಡೆದು ಮುಗಿಯಿತು. 1962ರ ಮಹಾಚುನಾವಣೆಯಿಂದ ನಮ್ಮ ಬೆರಳುಗಳಿಗೆ ಶಾಯಿ ಒದಗಿಸುತ್ತಿರುವ ಮೈಸೂರಿನ ಕಾರ್ಖಾನೆಯು ಅನೇಕ ಪರದೇಶಗಳ ಚುನಾವಣೆಗಳಿಗೂ ಅದೇ ಶಾಯಿಯನ್ನು ಹಡಗು ವಿಮಾನಗಳಲ್ಲಿ ಕಳುಹಿಸುತ್ತ ಬಂದಿದೆ. ಶಾಯಿ ಕಡಲು ದಾಟುವಾಗ ಮತಪತ್ರಕ್ಕೇನು ಅಡ್ಡಿ ಎಂದು ಮೊಮ್ಮಗನು ಒಮ್ಮೆ ಕೇಳಿದನು.

ಅವನಿಗೆ ಮುಂದಿನ ವರ್ಷ 18 ತುಂಬುತ್ತದೆ. ಪಾಸ್‌ಪೋರ್ಟಿನಲ್ಲಿರುವುದು ಕುಂದಾಪುರದ ಬಳಿಯ ನಮ್ಮ ಮನೆಯ ವಿಳಾಸ. ನಮ್ಮ ಮತಗಟ್ಟೆಯ ಪಟ್ಟಿಯ ಕೊನೆಯಲ್ಲಿ ಹೊರದೇಶದ ಮತದಾರರಿಗೆಂದು ಬೇರೆಯೇ ಒಂದು ವಿಭಾಗವಿದೆ. ಅಲ್ಲಿ ತಾಯಿಯ ಹೆಸರಿನ ಕೆಳಗೆ ತನ್ನ ಹೆಸರನ್ನೂ ಸೇರಿಸಬೇಕೆಂದು 6ಎ ನಮೂನೆಯನ್ನು ಈಗಲೇ ತರಿಸಿಕೊಂಡು, ಊರಿನ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಬೇಕೆಂದು ನನ್ನನ್ನು ಕೇಳಿ ತಿಳಿದುಕೊಂಡಿದ್ದಾನೆ.